ಮೊದಲ ಹೆರಿಗೆ, ಕೆಳಭಾಗ ಹರಿದುಹೋಗುವ ಭಯ: ಯಾರಿಗೆ ಜಾಸ್ತಿ, ಯಾಕೆ?

ಮೊದಲಕೂಸು:

ಎಲ್ಲರಿಗೂ ನಮಸ್ಕಾರ. ನನಗೆ ಈಗ 33 ವಾರ. ಮೊದಲ ಮಗು. ಇಲ್ಲಿವರೆಗೆ ಎಲ್ಲಾ ಚೆನ್ನಾಗಿದೆ, ಬಿಪಿ, ಶುಗರ್ ಎರಡೂ ಸರಿ ಇವೆ. ಆದರೆ ಒಂದು ವಿಷಯ ನಿದ್ದೆ ಕೆಡಿಸಿದೆ. ಮನೆಯಲ್ಲಿ ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಗೆಳತಿಗೆ ನಾಲ್ಕು ತಿಂಗಳ ಹಿಂದೆ ನಾರ್ಮಲ್ ಡೆಲಿವರಿ ಆಯಿತು. ಮಗು ಬರುವಾಗ ಯೋನಿಯಿಂದ ಹಿಡಿದು ಗುದದ್ವಾರದ ತನಕ ಹರಿದುಹೋಯಿತಂತೆ. ಥಿಯೇಟರಿಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿದರು. ಅವಳು ಇವತ್ತಿಗೂ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರುತ್ತಾಳೆ. ಮಗು ನೋಡಲು ಹೋದವಳು ನಾನು, ಅವಳು ಕೂರುವುದನ್ನು ನೋಡಿಕೊಂಡು ಬಂದೆ. ಹೊರಡುವಾಗ ಅವಳ ಅತ್ತೆ ಬೇರೆ "ಇವಳದ್ದು ಸಣ್ಣ ಮೈಕಟ್ಟು, ನಿನ್ನದೂ ಅಷ್ಟೇ ಅಲ್ವಾ, ಹುಷಾರು" ಅಂದುಬಿಟ್ಟರು. ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಮೊನ್ನೆ ಸ್ಕ್ಯಾನ್‌ನಲ್ಲಿ ಮಗು ಸ್ವಲ್ಪ ದೊಡ್ಡದಿದೆ ಅಂದರು. ನಾನು ಐದಡಿ ಇದ್ದೇನೆ. ಇದೆರಡೂ ಸೇರಿದರೆ ನನಗೂ ಹಾಗೇ ಆಗುತ್ತದಾ? ಯಾರಿಗೆ ಈ ಅಪಾಯ ಜಾಸ್ತಿ, ಮೊದಲೇ ಗೊತ್ತಾಗುತ್ತದಾ? ಡಾಕ್ಟರೇ ಮೊದಲೇ ಆ ಜಾಗಕ್ಕೆ ಕತ್ತರಿ ಹಾಕಿಬಿಟ್ಟರೆ ಹರಿಯುವುದು ತಪ್ಪುತ್ತದೆ ಅಂತ ಕೆಲವರು ಹೇಳುತ್ತಾರೆ, ನಿಜವಾ? ನಾನು ಈಗಿನಿಂದ ಏನಾದರೂ ಮಾಡಬಹುದಾ? ಸಿಸೇರಿಯನ್ ಕೇಳಿಬಿಡೋಣ ಅಂತಲೂ ಒಂದೊಂದು ಸಲ ಅನಿಸುತ್ತಿದೆ. ದಯವಿಟ್ಟು ಭಯ ಹುಟ್ಟಿಸದೆ, ಆದರೆ ಮುಚ್ಚಿಡದೆ ಹೇಳಿ.

ರಾತ್ರಿಪಾಳಿ:

ತಂಗಿ, ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಹದಿನಾರು ವರ್ಷ ಆಯಿತು. ನೀವು ಕೇಳಿದ್ದು ಒಳ್ಳೆಯದಾಯಿತು. ವಾರ್ಡಿಗೆ ಬರುವ ಮುಕ್ಕಾಲು ಪಾಲು ಹೆಂಗಸರು ಈ ಭಯವನ್ನು ಒಳಗೇ ಇಟ್ಟುಕೊಂಡು ಬರುತ್ತಾರೆ, ನೋವಿನ ಮಧ್ಯೆ ಕೇಳುತ್ತಾರೆ, ಆಗ ಬಿಡಿಸಿ ಹೇಳಲು ನಮಗೂ ಪುರಸೊತ್ತು ಇರುವುದಿಲ್ಲ.

ಮೊದಲು ಒಂದು ಮಾತು. "ಹರಿಯುವುದು" ಅಂದರೆ ಎಲ್ಲರಿಗೂ ಒಂದೇ ಅಲ್ಲ. ಯೋನಿಗೂ ಗುದದ್ವಾರಕ್ಕೂ ನಡುವೆ ಇರುವ ಜಾಗಕ್ಕೆ ಪೆರಿನಿಯಮ್ ಅನ್ನುತ್ತಾರೆ. ಅಲ್ಲಿ ಬರೀ ಚರ್ಮ ಹರಿದರೆ ಒಂದನೇ ಡಿಗ್ರಿ, ಎಷ್ಟೋ ಸಲ ಹೊಲಿಗೆಯೂ ಬೇಡ. ಚರ್ಮದ ಕೆಳಗಿನ ಸ್ನಾಯು ಹರಿದರೆ ಎರಡನೇ ಡಿಗ್ರಿ, ಅದಕ್ಕೆ ಹೊಲಿಗೆ ಬೇಕು, ತಾನೇ ಕರಗುವ ದಾರದಲ್ಲಿ ಹಾಕುತ್ತಾರೆ. ಗುದದ್ವಾರವನ್ನು ಬಿಗಿಯಾಗಿ ಮುಚ್ಚಿಡುವ ಬಳೆಯಂಥ ಸ್ನಾಯುವಿಗೂ ಏಟಾದರೆ ಮೂರನೇ ಡಿಗ್ರಿ. ಅದನ್ನೂ ದಾಟಿ ಗುದದ ಒಳಪೊರೆ ಹರಿದರೆ ನಾಲ್ಕನೇ ಡಿಗ್ರಿ. ನಿಮ್ಮ ಗೆಳತಿಗೆ ಆಗಿದ್ದು ಮೂರು ಅಥವಾ ನಾಲ್ಕು ಇರಬೇಕು.

ಈಗ ಲೆಕ್ಕ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅಬ್ಸ್ಟೆಟ್ರಿಶಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ ಹೇಳುವ ಪ್ರಕಾರ ಮೊದಲ ಸಲ ನಾರ್ಮಲ್ ಡೆಲಿವರಿ ಆಗುವ 10 ಜನರಲ್ಲಿ 9 ಜನರವರೆಗೆ ಸಣ್ಣದೋ ದೊಡ್ಡದೋ ಒಂದು ತರಚು, ಹರಿದ ಗಾಯ ಅಥವಾ ಕತ್ತರಿ ಗಾಯ ಆಗುತ್ತದೆ. ಕೇಳಿದರೆ ಎದೆ ಝಲ್ ಅನ್ನುತ್ತದೆ, ಗೊತ್ತು. ಆದರೆ ಅದರಲ್ಲಿ ಬಹುಪಾಲು ಒಂದನೇ, ಎರಡನೇ ಡಿಗ್ರಿ. ಮೂರು, ನಾಲ್ಕನೇ ಡಿಗ್ರಿ ಆಗುವುದು ಮೊದಲ ಹೆರಿಗೆಯಲ್ಲಿ 100ರಲ್ಲಿ ಸುಮಾರು 6 ಜನರಿಗೆ. ಮೊದಲೇ ಒಂದು ನಾರ್ಮಲ್ ಡೆಲಿವರಿ ಆದವರಲ್ಲಿ 100ಕ್ಕೆ 2 ಜನರಿಗಿಂತ ಕಡಿಮೆ.

ಅಪಾಯ ಜಾಸ್ತಿ ಮಾಡುವ ಮೊದಲ ಸಂಗತಿಯೂ ಇದೇ, ಮೊದಲ ಹೆರಿಗೆ. ಆ ದಾರಿ ಹಿಂದೆ ಒಮ್ಮೆಯೂ ಅಷ್ಟು ಹಿಗ್ಗಿರುವುದಿಲ್ಲ, ಅಷ್ಟೇ. ಮೊದಲ ಮಗು ಸಿಸೇರಿಯನ್ ಆಗಿ ಎರಡನೆಯದು ನಾರ್ಮಲ್ ಆಗುವವರಿಗೂ ಇದೇ ಮಾತು ಅನ್ವಯ, ಅವರಿಗೂ ಅದು ಮೊದಲನೇ ಸಲವೇ. ಮಗು 4 ಕೆಜಿಗಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು. ಮಗು ತಲೆ ಕೆಳಗಿದ್ದರೂ ಮುಖ ಮೇಲಕ್ಕೆ ಮಾಡಿಕೊಂಡು ಬಂದರೆ ಹೆಚ್ಚು, ಯಾಕೆಂದರೆ ಆಗ ತಲೆಯ ಅಗಲದ ಭಾಗ ದಾರಿಗೆ ಸಿಗುತ್ತದೆ. ತಲೆ ಬಂದು ಭುಜ ಸಿಕ್ಕಿಹಾಕಿಕೊಂಡರೂ ಹೆಚ್ಚು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮಗುವನ್ನು ಹೊರತಳ್ಳಲು ಮುಕ್ಕುವುದು ಎರಡು ಮೂರು ಗಂಟೆ ದಾಟಿದರೆ ಅದೂ ಒಂದು ಕಾರಣ.

ಇದೆಲ್ಲದಕ್ಕಿಂತ ದೊಡ್ಡದು ಮಗುವನ್ನು ಎಳೆಯಲು ಬಳಸುವ ಉಪಕರಣ, ಅದರಲ್ಲೂ ಫೋರ್ಸೆಪ್ಸ್. ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್‌ಗಿಂತ ಇಕ್ಕಳದಂಥ ಫೋರ್ಸೆಪ್ಸ್‌ನಲ್ಲಿ ಅಪಾಯ ಜಾಸ್ತಿ, ಅದನ್ನು ಹಾಕಿದರೆ 100ರಲ್ಲಿ 8ರಿಂದ 12 ಜನರಿಗೆ ಮೂರು ನಾಲ್ಕನೇ ಡಿಗ್ರಿ ಆಗುತ್ತದೆ. ಹಾಗಂತ ಫೋರ್ಸೆಪ್ಸ್ ಅಂದ ಕೂಡಲೇ ಬೇಡ ಅನ್ನಬೇಡಿ. ಮಗುವಿನ ಎದೆಬಡಿತ ಇಳಿಯುತ್ತಿದ್ದಾಗ ಅದೇ ಜೀವ ಉಳಿಸುತ್ತದೆ. ನೋವು ತಿಳಿಯದಿರಲಿ ಅಂತ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ತಗೊಂಡರೆ ಹರಿಯುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಅದರ ಸಂಬಂಧ ಹೆಚ್ಚಾಗಿ ಈ ಉಪಕರಣದ ಮೂಲಕ ಬರುವುದು. ನೋವು ಗೊತ್ತಾಗದೆ ಮುಕ್ಕುವುದು ತಡವಾಗಿ, ಕೊನೆಗೆ ಉಪಕರಣ ಬೇಕಾದಾಗ.

ಇನ್ನು ಮೈಕಟ್ಟು. ಸಣ್ಣಗಿದ್ದೀರಿ ಅನ್ನುವುದೊಂದರಿಂದ ಏನನ್ನೂ ಹೇಳಲು ಆಗುವುದಿಲ್ಲ ತಂಗಿ. ಐದಡಿಯ ಹೆಂಗಸು 3.8 ಕೆಜಿ ಮಗು ಹೆತ್ತು ಒಂದೂ ಹೊಲಿಗೆ ಇಲ್ಲದೆ ಎದ್ದು ಹೋದದ್ದು ನೋಡಿದ್ದೇನೆ. ಎತ್ತರದ ಗಟ್ಟಿಮುಟ್ಟಾದ ಹೆಂಗಸಿಗೆ ಎರಡೂವರೆ ಕೆಜಿ ಮಗುವಿಗೆ ಆಳವಾಗಿ ಹರಿದದ್ದೂ ನೋಡಿದ್ದೇನೆ, ಆ ಮಗು ಒಂದೇ ನೋವಿಗೆ ಬಾಣದ ಹಾಗೆ ಬಂತು. ಸ್ಕ್ಯಾನ್ ತೂಕವೂ ಅಂದಾಜು. ನೂರಕ್ಕೆ ಹತ್ತು ಹದಿನೈದರಷ್ಟು ಆಚೆ ಈಚೆ ಆಗುತ್ತದೆ. 3.6 ಅಂದದ್ದು ಹುಟ್ಟಿದಾಗ 3.2 ಇರಬಹುದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯ ಕೊನೆಯ ಕೆಲವು ನಿಮಿಷ. ತಲೆ ಕಾಣುತ್ತದೆ, ನೋವು ಇಳಿದಾಗ ಒಳಗೆ ಹೋಗುತ್ತದೆ, ಮತ್ತೆ ಕಾಣುತ್ತದೆ. ಒಂದು ಹಂತದಲ್ಲಿ ಒಳಗೆ ಹೋಗುವುದು ನಿಂತುಬಿಡುತ್ತದೆ. ಆಗ ಸುತ್ತಲಿನ ಚರ್ಮ ಕಾಗದದಷ್ಟು ತೆಳ್ಳಗೆ, ಬೆಳ್ಳಗೆ, ಹೊಳೆಯುವ ಹಾಗೆ ಆಗುತ್ತದೆ. ಬೆಂಕಿ ತಾಗಿಸಿದ ಹಾಗೆ ಉರಿಯುತ್ತದೆ. ನಾನು ಒಂದು ಕೈಯನ್ನು ಮಗುವಿನ ತಲೆಯ ಮೇಲೆ ಇಟ್ಟಿರುತ್ತೇನೆ, ಇನ್ನೊಂದು ಕೈಯಲ್ಲಿ ಬಿಸಿನೀರಿಗೆ ಅದ್ದಿ ಹಿಂಡಿದ ಬಟ್ಟೆ ಹಿಡಿದು ಕೆಳಗೆ ಒತ್ತಿರುತ್ತೇನೆ. "ಈಗ ಮುಕ್ಕಬೇಡಿ, ಬಾಯಿ ತೆರೆದು ಉಸ್ ಉಸ್ ಅಂತ ಉಸಿರು ಬಿಡಿ" ಅನ್ನುತ್ತೇನೆ. ಅಲ್ಲಿವರೆಗೆ "ಪುಶ್, ಪುಶ್" ಅಂತ ಕೂಗಿದವಳು ಇದ್ದಕ್ಕಿದ್ದ ಹಾಗೆ ಬೇಡ ಅಂದರೆ ಅವರಿಗೆ ಗಾಬರಿ ಆಗುತ್ತದೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ, ಆ ಹೊತ್ತಿಗೆ ಆ ಮಾತು ಬರುತ್ತದೆ, ಬಂದಾಗ ಕೇಳಿ. ತಲೆ ಒಂದೇ ಏಟಿಗೆ ಹಾರಿ ಬರಬಾರದು, ಕೂದಲೆಳೆ ಕೂದಲೆಳೆಯಾಗಿ ಜಾರಬೇಕು. ಬಿಸಿ ಬಟ್ಟೆ ಒತ್ತುವುದರಿಂದ ಮೂರು ನಾಲ್ಕನೇ ಡಿಗ್ರಿ ಹರಿಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವರದಿ ಹೇಳುತ್ತದೆ. ಒಂದು ಬಟ್ಟೆ, ಒಂದು ಬೋಗುಣಿ ಬಿಸಿನೀರು, ಅಷ್ಟೇ ಬೇಕಾದ್ದು. ನಿಮ್ಮ ಆಸ್ಪತ್ರೆಯಲ್ಲಿ ಕೊಡುತ್ತಾರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇಬ್ಬರ ಅಮ್ಮ:

ನಾನು ಆ 100ರಲ್ಲಿ 6 ಜನರಲ್ಲಿ ಒಬ್ಬಳು. ಮೂರನೇ ಡಿಗ್ರಿ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ, ಮುಚ್ಚಿಡದೆ ಹೇಳಿ ಅಂದಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗಳು ಮುಖ ಮೇಲಕ್ಕೆ ಮಾಡಿಕೊಂಡಿದ್ದಳು. ಮೂರು ಗಂಟೆ ಮುಕ್ಕಿದೆ. ಸೊಂಟ ಎರಡು ಹೋಳಾಗುತ್ತಿದೆ ಅನಿಸುತ್ತಿತ್ತು. ಕೊನೆಗೆ ಅವಳ ಎದೆಬಡಿತ ಇಳಿಯಿತು, ಫೋರ್ಸೆಪ್ಸ್ ಹಾಕಿದರು. ಮೇಲೆ ರಾತ್ರಿಪಾಳಿ ಅಕ್ಕ ಬರೆದ ಪಟ್ಟಿ ಓದುತ್ತಾ ಹೋದ ಹಾಗೆ ಒಂದೊಂದೂ ನನ್ನದೇ ಅನಿಸಿತು: ಮೊದಲ ಹೆರಿಗೆ, ಮಗು ಮಲಗಿದ ರೀತಿ, ತಡ, ಉಪಕರಣ. ಆದರೆ ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನೇ ಸರಿಯಾಗಿ ಮುಕ್ಕಲಿಲ್ಲ, ನಾನೇ ಕಿರುಚಿದೆ, ನಾನೇ ಕಾಲು ಗಟ್ಟಿ ಹಿಡಿದುಕೊಂಡೆ, ಅದಕ್ಕೇ ಹರಿಯಿತು ಅಂತ ಎರಡು ವರ್ಷ ನಂಬಿಕೊಂಡಿದ್ದೆ. ಯಾರೂ ಹಾಗೆ ಅಂದಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅದೇ ತೊಂದರೆ ಆಗಿದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಇತ್ತು, ಅದರ ಅರ್ಥ ಕೇಳಲು ನನಗೆ ಬಾಯಿ ಬರಲಿಲ್ಲ.

ಮೊದಲ ಆರು ವಾರ ಕಷ್ಟ. ಗಾಳಿ ತಡೆಯಲು ಆಗುತ್ತಿರಲಿಲ್ಲ. ಒಂದು ದಿನ ಮಗುವನ್ನು ಎತ್ತಿಕೊಂಡು ಎದ್ದಾಗ ಬಟ್ಟೆ ಹಾಳಾಯಿತು. ಬಚ್ಚಲಲ್ಲಿ ಒಬ್ಬಳೇ ನಿಂತು ಅದನ್ನು ಒಗೆಯುತ್ತಾ ಅತ್ತುಬಿಟ್ಟೆ. ಯಜಮಾನರಿಗೂ ಹೇಳಲಿಲ್ಲ. ಹನ್ನೊಂದು ವಾರಕ್ಕೆ ಚೆಕಪ್‌ಗೆ ಹೋದಾಗ ಒಬ್ಬ ವಯಸ್ಸಾದ ಡಾಕ್ಟರಮ್ಮ ತಾವಾಗಿಯೇ ಕೇಳಿದರು, "ಮೋಷನ್ ತಡೆದುಕೊಳ್ಳಲು ಆಗುತ್ತದಾ? ಗಾಳಿ?" ಅಂತ. ಅಷ್ಟು ನೇರವಾಗಿ ಕೇಳಿದ್ದಕ್ಕೇ ನನಗೆ ಹೇಳಲು ಆಯಿತು. ಅವರು ವ್ಯಾಯಾಮಕ್ಕೆ ಕಳಿಸಿದರು. ಎಂಟು ತಿಂಗಳ ಹೊತ್ತಿಗೆ ಸೋರುವುದು ಪೂರ್ತಿ ನಿಂತಿತು. ನನ್ನ ಹಾಗೆ ಮೂರು ನಾಲ್ಕನೇ ಡಿಗ್ರಿ ಆದವರಲ್ಲಿ ಸರಿಯಾಗಿ ಹೊಲಿಗೆ ಬಿದ್ದರೆ ಒಂದು ವರ್ಷಕ್ಕೆ 100ರಲ್ಲಿ 60ರಿಂದ 80 ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಒಂದು ಮಾತನ್ನು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ಎರಡನೇ ಸಲ ಬಸುರಿಯಾದಾಗ ಮತ್ತೆ ಹಾಗೇ ಆಗುವ ಸಾಧ್ಯತೆ ಎಷ್ಟು ಅಂತ ಕೇಳಿದೆ. 100ರಲ್ಲಿ 5ರಿಂದ 7 ಅಂದರು. ನನಗೆ ಆಗ ಯಾವ ತೊಂದರೆಯೂ ಇರಲಿಲ್ಲ, ಒಳಗಿನ ಸ್ಕ್ಯಾನ್‌ನಲ್ಲಿ ಸ್ನಾಯು ಚೆನ್ನಾಗಿ ಕೂಡಿಕೊಂಡಿತ್ತು. ನಾರ್ಮಲ್ ಆಗಲಿ ಅಂದೆ. ತೊಂದರೆ ಉಳಿದವರಿಗೆ ಸಿಸೇರಿಯನ್ ಬಗ್ಗೆ ಮಾತಾಡುತ್ತಾರೆ, ಅದು ಅವರವರ ತೀರ್ಮಾನ. ಮಗ ಹುಟ್ಟಿದಾಗ ಎರಡನೇ ಡಿಗ್ರಿ ಆಯಿತು, ನಾಲ್ಕು ಹೊಲಿಗೆ. ಮೂರನೇ ವಾರಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

ನಿಮ್ಮ ಗೆಳತಿಯನ್ನು ಒಂದು ಮಾತು ಕೇಳಿ, ತಂಗಿ. ನಾಲ್ಕು ತಿಂಗಳಾದರೂ ವಾಲಿಕೊಂಡು ಕೂರುತ್ತಾಳೆ ಅಂದರೆ ಅವಳು ಯಾರಿಗಾದರೂ ತೋರಿಸಿದ್ದಾಳಾ?

ಹೊಂಗೆನೆರಳು:

ನನಗೆ ಎರಡು ಹೆರಿಗೆಯಲ್ಲೂ ಕತ್ತರಿ ಹಾಕಿದ್ದಾರೆ. ಅಡ್ಡಾದಿಡ್ಡಿ ಹರಿಯುವುದಕ್ಕಿಂತ ನೆಟ್ಟಗೆ ಕತ್ತರಿಸಿದ ಗಾಯ ಬೇಗ ಕೂಡುತ್ತದೆ ಅಂತ ನಮ್ಮ ಡಾಕ್ಟರ್ ಹೇಳಿದರು. ನನಗೇನೂ ತೊಂದರೆ ಆಗಲಿಲ್ಲ. ಮೊದಲ ಹೆರಿಗೆ ಅಂದರೆ ಎಲ್ಲರಿಗೂ ಹಾಕುವುದೇ ಒಳ್ಳೆಯದು ಅನಿಸುತ್ತದೆ ನನಗೆ. ಇಲ್ಲಿ ಯಾಕೆ ಯಾರೂ ಅದನ್ನು ಹೇಳುತ್ತಿಲ್ಲ?

ರಾತ್ರಿಪಾಳಿ:

ಹೊಂಗೆನೆರಳು ಅವರೇ, ನಿಮಗೆ ಚೆನ್ನಾಗಿ ವಾಸಿಯಾದದ್ದು ಸಂತೋಷ. ಆದರೆ "ಎಲ್ಲರಿಗೂ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಾವೂ ಹಾಗೇ ಮಾಡುತ್ತಿದ್ದೆವು, ಮೊದಲ ಹೆರಿಗೆ ಅಂದರೆ ಟ್ರೇಯಲ್ಲಿ ಕತ್ತರಿ ತಯಾರು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅದು ತಪ್ಪು ಅಂತ ಗೊತ್ತಾದ ಮೇಲೆ ಬಿಟ್ಟೆವು.

ಕತ್ತರಿ ಹಾಕುವುದು ಅಂದರೆ ಎರಡನೇ ಡಿಗ್ರಿ ಗಾಯವನ್ನು ನಾವೇ ಮಾಡಿದ ಹಾಗೆ. ಸ್ನಾಯುವನ್ನೂ ಸೇರಿಸಿ ಕತ್ತರಿಸುತ್ತೇವೆ. ಅದಿಲ್ಲದಿದ್ದರೆ ಆ ಹೆಂಗಸಿಗೆ ಬರೀ ಚರ್ಮ ತರಚುತ್ತಿತ್ತೇನೋ. ಉಪಕರಣ ಬೇಕಿಲ್ಲದ ಹೆರಿಗೆಗಳಲ್ಲಿ ಎಲ್ಲರಿಗೂ ಕತ್ತರಿಸುವುದನ್ನು ಬಿಟ್ಟು, ಬೇಕಾದಾಗ ಮಾತ್ರ ಕತ್ತರಿಸಿದರೆ ದೊಡ್ಡದಾಗಿ ಹರಿಯುವುದು ಸುಮಾರು 30 ಶೇಕಡ ಕಡಿಮೆ ಆಗುತ್ತದೆ ಅಂತ 2017ರ ಕಾಕ್ರೇನ್ ವರದಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ರೂಢಿ ಅಂತ ಎಲ್ಲರಿಗೂ ಕತ್ತರಿ ಹಾಕುವುದು ಬೇಡ ಅಂದಿದೆ. ಅದೇ ಮಾರ್ಗಸೂಚಿ ಹೊಟ್ಟೆಯ ಮೇಲಿನಿಂದ ಕೈ ಒತ್ತಿ ಮಗುವನ್ನು ಕೆಳಗೆ ತಳ್ಳುವುದೂ ಬೇಡ ಅನ್ನುತ್ತದೆ. ಯಾರಾದರೂ ಹೊಟ್ಟೆ ಮೇಲೆ ಭಾರ ಹಾಕಲು ಬಂದರೆ ಬೇಡ ಅನ್ನುವ ಹಕ್ಕು ನಿಮಗೆ ಇದೆ, ಜೊತೆಗೆ ನಿಂತವರಿಗೂ ಮೊದಲೇ ಹೇಳಿಡಿ.

ಕತ್ತರಿ ಬೇಕಾಗುವ ಸಮಯ ಇದ್ದೇ ಇದೆ. ಮಗುವಿಗೆ ಉಸಿರು ಕಟ್ಟುತ್ತಿದೆ, ತಡ ಮಾಡುವ ಹಾಗಿಲ್ಲ ಅಂದಾಗ. ಫೋರ್ಸೆಪ್ಸ್ ಹಾಕುವಾಗಲಂತೂ ಕತ್ತರಿ ಹಾಕಿದರೆ ಗುದದ ಸ್ನಾಯು ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ಎಲ್ಲಿ ಕತ್ತರಿಸುತ್ತಾರೆ ಅನ್ನುವುದು ಬಹಳ ಮುಖ್ಯ. ನೆಟ್ಟಗೆ ಕೆಳಗೆ, ಗುದದ್ವಾರದ ಕಡೆಗೇ ಕತ್ತರಿಸಿದರೆ ಆ ಸೀಳು ಮುಂದುವರಿದು ಗುದದ ಸ್ನಾಯುವಿಗೇ ಹೋಗುತ್ತದೆ. ಬಟ್ಟೆಗೆ ಸ್ವಲ್ಪ ಕತ್ತರಿ ಹಾಕಿ ಎಳೆದರೆ ಅದೇ ಗೆರೆಯಲ್ಲಿ ಹರಿದುಕೊಂಡು ಹೋಗುತ್ತದಲ್ಲ, ಹಾಗೆ. ಅದಕ್ಕೇ ಓರೆಯಾಗಿ, ಚರ್ಮ ಪೂರ್ತಿ ಹಿಗ್ಗಿರುವಾಗ ನಡುಗೆರೆಯಿಂದ 60 ಡಿಗ್ರಿ ಕೋನದಲ್ಲಿ ಹಾಕಬೇಕು. ಮಗು ಬಂದು ಚರ್ಮ ಕುಗ್ಗಿದ ಮೇಲೆ ಅದು ಸುಮಾರು 45 ಡಿಗ್ರಿಯ ಹಾಗೆ ಕಾಣುತ್ತದೆ. ಕಣ್ಣಂದಾಜಿನಲ್ಲಿ ಹಾಕುವಾಗ ಕೋನ ಕಡಿಮೆಯೇ ಆಗುವುದು, ನನಗೂ ಆಗಿದೆ. ಅದಕ್ಕೆ ಅಂತಲೇ ಕೋನ ಗುರುತು ಇರುವ ಕತ್ತರಿಗಳು ಬಂದಿವೆ.

ಇನ್ನೊಂದು ಮಾತು. ಹೆರಿಗೆ ಆದ ಮೇಲೆ, ಹೊಲಿಗೆ ಹಾಕುವ ಮೊದಲು, ಗುದದ್ವಾರದೊಳಗೆ ಬೆರಳಿಟ್ಟು ಪರೀಕ್ಷೆ ಮಾಡಬೇಕು. ಮುಜುಗರ ಆಗುತ್ತದೆ, ಒಂದು ನಿಮಿಷದ ಕೆಲಸ. ಹೊರಗೆ ಸಣ್ಣದಾಗಿ ಕಂಡ ಗಾಯದ ಒಳಗೆ ಸ್ನಾಯು ತುಂಡಾಗಿದ್ದು ಬೆರಳಿಗೇ ಸಿಗುವುದು. ನೋಡದೆ ಮೇಲೆ ಹೊಲಿದುಬಿಟ್ಟರೆ ಆಮೇಲೆ ಅನುಭವಿಸುವವರು ಆ ಹೆಂಗಸು. ನಾನು ಹೊಸ ಹುಡುಗಿಯರಿಗೆ ಮೊದಲು ಕಲಿಸುವುದು ಇದನ್ನೇ.

ಕೆಳಸ್ನಾಯು ಫಿಸಿಯೋ:

ಹೆರಿಗೆಯ ಮುಂಚೆ ಮತ್ತು ಆಮೇಲೆ ಬರುವವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಪ್ರಶ್ನೆ ಕೇಳಿದವರಿಗೆ 33 ವಾರ ಅಂದರು, ಸರಿಯಾದ ಸಮಯಕ್ಕೆ ಕೇಳಿದ್ದೀರಿ.

ಪೆರಿನಿಯಮ್ ಮಸಾಜ್ ಅಂತ ಇದೆ. 34, 35ನೇ ವಾರದಿಂದ ಶುರು ಮಾಡುವುದು. ಮೊದಲ ಸಲ ನಾರ್ಮಲ್ ಹೆರಿಗೆ ಆಗುವವರಿಗೆ ಇದರಿಂದ ಹೊಲಿಗೆ ಬೀಳುವ ಗಾಯವೂ, ಕತ್ತರಿ ಹಾಕುವುದೂ ಸ್ವಲ್ಪ ಕಡಿಮೆ ಆಗುತ್ತವೆ. ಸ್ವಲ್ಪ ಅಂದರೆ ಎಷ್ಟು? 15 ಜನ ಮಾಡಿದರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ. ಮೂರು ನಾಲ್ಕನೇ ಡಿಗ್ರಿಯನ್ನು ಇದೊಂದೇ ತಡೆಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೂ ಮಾಡಿ ಅನ್ನುತ್ತೇನೆ. ಖರ್ಚಿಲ್ಲ, ಮತ್ತೆ ಇನ್ನೊಂದು ಲಾಭ ಇದೆ, ಆ ಜಾಗ ಹಿಗ್ಗುವಾಗ ಆಗುವ ಉರಿ ನಿಮಗೆ ಮೊದಲೇ ಪರಿಚಯ ಆಗಿರುತ್ತದೆ. ಅಂಥ ಉರಿ ಬಂದಾಗ ಮೈ ಬಿಗಿ ಹಿಡಿಯದೆ ಸಡಿಲ ಬಿಡುವುದನ್ನು ಮನೆಯಲ್ಲೇ ಕಲಿತಿರುತ್ತೀರಿ.

ಉಗುರು ಕತ್ತರಿಸಿ, ಕೈ ತೊಳೆಯಿರಿ. ಬಿಸಿನೀರು ಸ್ನಾನದ ನಂತರ ಮಾಡಿದರೆ ಸುಲಭ. ದಿಂಬಿಗೆ ಒರಗಿ ಮಂಡಿ ಮಡಚಿ ಕೂತುಕೊಳ್ಳಿ. ಸುಗಂಧ ಹಾಕದ ಎಣ್ಣೆ ಸ್ವಲ್ಪ ಹಚ್ಚಿಕೊಂಡು ಹೆಬ್ಬೆರಳನ್ನು ಯೋನಿಯೊಳಗೆ ಎರಡು ಗೆಣ್ಣಿನಷ್ಟು, ಮೂರು ನಾಲ್ಕು ಸೆಂಟಿಮೀಟರ್ ಇಡಿ. ಕೆಳಗೆ, ಗುದದ್ವಾರದ ಕಡೆಗೆ ನಿಧಾನ ಒತ್ತಿ ಹಿಡಿಯಿರಿ, ಉರಿ ಶುರುವಾಗುವ ತನಕ ಮಾತ್ರ. ಆಮೇಲೆ ಒತ್ತಡ ಬಿಡದೆ ಆ ಪಕ್ಕ ಈ ಪಕ್ಕ ಅರ್ಧಚಂದ್ರದ ಹಾಗೆ ಸರಿಸಿ. ಐದು ನಿಮಿಷ ಸಾಕು. ವಾರಕ್ಕೆ ಒಂದೆರಡು ಸಲ ಸಾಕು, ದಿನಕ್ಕೆ ಮೂರು ಸಲ ಮಾಡಿದರೆ ಮೂರು ಪಟ್ಟು ಲಾಭ ಅಂತ ಏನಿಲ್ಲ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ ಯಜಮಾನರ ಸಹಾಯ ತಗೊಳ್ಳಬಹುದು. ನೀರು ಒಡೆದಿದ್ದರೆ, ಮಾಸು ಕೆಳಗೆ ಕೂತಿದ್ದರೆ, ರಕ್ತಸ್ರಾವ ಆಗುತ್ತಿದ್ದರೆ, ಸೋಂಕು ಇದ್ದರೆ ಮಾಡಬೇಡಿ. ಶುರು ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಗುದ ಮತ್ತು ಮೂತ್ರದ ದಾರಿ ಎರಡನ್ನೂ ಒಟ್ಟಿಗೆ ಒಳಗೆಳೆದು ಹಿಡಿಯುವ ವ್ಯಾಯಾಮವನ್ನೂ ಈಗಲೇ ಕಲಿಯಿರಿ. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಹೊತ್ತು. ಹಿಡಿಯುವುದರಷ್ಟೇ ಪೂರ್ತಿ ಸಡಿಲ ಬಿಡುವುದೂ ಮುಖ್ಯ, ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನಕ್ಕೆ ಸಡಿಲ ಬಿಡಲೇ ಬರುವುದಿಲ್ಲ. ಹೆರಿಗೆಯಲ್ಲಿ ಬೇಕಾಗುವುದು ಅದೇ.

ಹೆರಿಗೆಯ ಭಂಗಿಯ ಬಗ್ಗೆ ಎರಡು ಮಾತು. ಇದೇ ಭಂಗಿಯಲ್ಲಿದ್ದರೆ ಹರಿಯುವುದೇ ಇಲ್ಲ ಅನ್ನುವಂಥದ್ದು ಯಾವುದೂ ಇಲ್ಲ. ಆದರೆ ಕಾಲು ಮೇಲಕ್ಕೆ ಕಟ್ಟಿ ಅಂಗಾತ ಮಲಗುವುದಕ್ಕಿಂತ ಒಂದು ಪಕ್ಕಕ್ಕೆ ಮಲಗಿದರೆ, ಅಥವಾ ಮಂಡಿಯೂರಿ ಕೈ ಊರಿದರೆ ತಲೆ ನಿಧಾನವಾಗಿ ಬರಲು ಅನುಕೂಲ ಆಗುತ್ತದೆ. ಬೇರೆ ಭಂಗಿಯಲ್ಲಿ ಇರಲು ಬಿಡುತ್ತೀರಾ ಅಂತ ಮುಂಚೆಯೇ ಕೇಳಿ.

ಮೊದಲಕೂಸು:

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಇಬ್ಬರ ಅಮ್ಮ ಅವರೇ, ನಿಮ್ಮದನ್ನು ಓದಿ ಅತ್ತುಬಿಟ್ಟೆ. ನಿನ್ನೆ ಗೆಳತಿಗೆ ಫೋನ್ ಮಾಡಿ ನೀವು ಬರೆದ ಆ ಎರಡು ಪ್ರಶ್ನೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಗಾಳಿ ತಡೆಯಲು ಆಗುವುದಿಲ್ಲ, ಮೋಷನ್‌ಗೆ ಅವಸರ ಆದರೆ ಓಡಬೇಕು ಅಂದಳು. ಹೆರಿಗೆ ಆದ ಮೇಲೆ ಒಮ್ಮೆಯೂ ಅದಕ್ಕೆ ಅಂತ ತೋರಿಸಿಲ್ಲವಂತೆ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದಾಳೆ. ನಾಲ್ಕು ತಿಂಗಳಾಗಿದೆಯಲ್ಲ, ಈಗ ಹೋದರೆ ತಡವಾಯಿತಾ?

ಮತ್ತೆ ನನ್ನದೊಂದು ಪ್ರಶ್ನೆ ಉಳಿಯಿತು. ಇದೇ ಭಯಕ್ಕೆ ಸಿಸೇರಿಯನ್ ಕೇಳುವುದು ತಪ್ಪಾ?

ಕೆಳಸ್ನಾಯು ಫಿಸಿಯೋ:

ಖಂಡಿತ ತಡವಾಗಿಲ್ಲ. ವರ್ಷಗಳಾದ ಮೇಲೆ ಬಂದವರಿಗೂ ವ್ಯಾಯಾಮದಿಂದ ಗುಣ ಕಂಡಿದ್ದೇನೆ. ಆದರೆ ವ್ಯಾಯಾಮಕ್ಕೆ ಮೊದಲು ಅವರು ಹೆರಿಗೆ ಡಾಕ್ಟರಿಗೆ ತೋರಿಸಲಿ, ಹೊಲಿಗೆ ಹಾಕಿದ ಸ್ನಾಯು ಕೂಡಿಕೊಂಡಿದೆಯಾ ಅಂತ ನೋಡಬೇಕು. ಅಲ್ಲಿಯವರೆಗೆ ಮಲ ಗಟ್ಟಿಯಾಗದ ಹಾಗೆ ನೋಡಿಕೊಳ್ಳಲಿ, ತಿಣುಕಬಾರದು. ಯೋನಿಯ ದಾರಿಯಲ್ಲಿ ಗಾಳಿ ಅಥವಾ ಮಲ ಬರುತ್ತಿದೆ ಅನಿಸಿದರೆ ಕಾಯಬಾರದು, ಕೂಡಲೇ ಹೋಗಲಿ.

ರಾತ್ರಿಪಾಳಿ:

ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ ತಂಗಿ. ಆದರೆ ಸಿಸೇರಿಯನ್ ಅಂದರೆ ಹೊಟ್ಟೆಯ ಆಪರೇಷನ್. ಅದಕ್ಕೂ ಅದರದ್ದೇ ರಕ್ತಸ್ರಾವ, ಸೋಂಕು ಇವೆ, ಮುಂದಿನ ಬಸುರಿನಲ್ಲಿ ಮಾಸು ಹಳೆ ಗಾಯದ ಮೇಲೆ ಕೂರುವ ಅಪಾಯ ಇದೆ. ಮೊದಲ ಮಗು, ಶುಗರ್ ಇಲ್ಲ, ತೂಕ ಸ್ವಲ್ಪ ಜಾಸ್ತಿ ಇರಬಹುದು ಅಂತ ಒಂದು ಅಂದಾಜು, ಇಷ್ಟಕ್ಕೇ ಅದು ಬೇಕು ಅಂತ ನನಗೆ ಅನಿಸುವುದಿಲ್ಲ. ಭಯ ಆಮೇಲೂ ಹೋಗದಿದ್ದರೆ ಡಾಕ್ಟರ ಹತ್ತಿರ ಕೂತು ಇದನ್ನೇ ಹೇಳಿ. ಭಯವೂ ಒಂದು ಕಾರಣವೇ, ಅದನ್ನು ಕೇಳಿಸಿಕೊಳ್ಳುವುದು ಅವರ ಕೆಲಸ.

ಮುಂದಿನ ಚೆಕಪ್‌ಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಲೆ ಬರುವಾಗ ಬಿಸಿ ಬಟ್ಟೆ ಒತ್ತುತ್ತೀರಾ. ಕತ್ತರಿ ಹಾಕುವ ಮೊದಲು ನನಗೆ ಹೇಳುತ್ತೀರಾ. ಪಕ್ಕಕ್ಕೆ ಮಲಗಿ ಹೆರಬಹುದಾ. ಆದ ಮೇಲೆ ಪೂರ್ತಿ ಪರೀಕ್ಷೆ ಮಾಡಿ, ಯಾವ ಡಿಗ್ರಿ ಅಂತ ನನಗೆ ತಿಳಿಸುತ್ತೀರಾ. ಈ ನಾಲ್ಕು ಸಾಕು. ನಮ್ಮ ವಾರ್ಡಿಗೆ ಯಾರಾದರೂ ಇಂಥ ಚೀಟಿ ತಂದರೆ ನಾನು ಅದನ್ನು ಅವರ ಕೇಸ್ ಶೀಟಿಗೆ ಪಿನ್ ಮಾಡಿಡುತ್ತೇನೆ, ಪಾಳಿ ಬದಲಾದರೂ ಮುಂದಿನವರ ಕಣ್ಣಿಗೆ ಬೀಳಲಿ ಅಂತ.

ಇಬ್ಬರ ಅಮ್ಮ:

ನಿಮ್ಮ ಗೆಳತಿ ಒಬ್ಬಳೇ ಹೋಗಲು ಹಿಂಜರಿದರೆ ನೀವೂ ಜೊತೆಗೆ ಹೋಗಿ. ಡಾಕ್ಟರ ಕೋಣೆಯಲ್ಲಿ ಅವಳಿಗೆ ಮಾತು ಬರದಿದ್ದರೆ ನೀವೇ ಶುರು ಮಾಡಿ. ನನಗೆ ಆಗ ಅಂಥವರು ಒಬ್ಬರು ಬೇಕಿತ್ತು.

ಮೊದಲಕೂಸು:

ಗುರುವಾರಕ್ಕೆ ಇಬ್ಬರಿಗೂ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಅವಳದ್ದು ಹತ್ತೂವರೆಗೆ, ನನ್ನದು ಹನ್ನೊಂದಕ್ಕೆ. ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ.